ದಾರಿಯಲ್ಲೇ ನಿಂತುಬಿಡುವ ಬಸಿರು

ಹೆಂಗಸರ ಹೊಟ್ಟೆನೋವಿಗೆ ಕರಾವಳಿಯ ಮನೆಗಳಲ್ಲಿ ಮದ್ದಿನ ಕೊರತೆಯಿಲ್ಲ. ಉಷ್ಣವಾಗಿದೆ ಎಂದರೆ ಕೊತ್ತಂಬರಿ-ಜೀರಿಗೆ ಕಷಾಯ, ಗ್ಯಾಸ್ ಎಂದರೆ ಓಮದ ನೀರು, ಏನೂ ತಿಳಿಯದಿದ್ದರೆ ಒಂದು ಎಳನೀರು. ಹೆಚ್ಚಿನ ಸಲ ನೋವು ತಾನಾಗಿಯೇ ಇಳಿಯುತ್ತದೆ, ಹೆಸರು ಕಷಾಯಕ್ಕೆ ಬರುತ್ತದೆ. ಆದರೆ ಎಲ್ಲೋ ಒಮ್ಮೆ ಬರುವ ನೋವು ಬೇರೆಯೇ ಜಾತಿಯದು. ಬೆಳಿಗ್ಗೆ ಕಷಾಯ ಕುಡಿದು ಬೀಡಿ ಕಟ್ಟಲು ಕುಳಿತವಳು ಸಂಜೆಯೊಳಗೆ ಬೆವತು, ಬಿಳಿಚಿಕೊಂಡು, ನಾಡಿ ಸಿಗದ ಸ್ಥಿತಿಗೆ ಬಂದಿರುತ್ತಾಳೆ. ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ಹೊಟ್ಟೆಯೊಳಗೆ ಒಂದೆರಡು ಲೀಟರ್ ರಕ್ತ ತುಂಬಿರಬಹುದು.

ಇದಕ್ಕೆ ವೈದ್ಯರು ‘ಎಕ್ಟೋಪಿಕ್’ ಎನ್ನುತ್ತಾರೆ. ಗ್ರೀಕ್ ಮೂಲದ ಈ ಮಾತಿನ ಅರ್ಥ ‘ಜಾಗ ತಪ್ಪಿದ್ದು’. ಗರ್ಭಕೋಶದೊಳಗೆ ಬೇರು ಬಿಡಬೇಕಾದ ಭ್ರೂಣ ಬೇರೆಲ್ಲೋ ಬೇರು ಬಿಡುವ ಸ್ಥಿತಿ ಇದು. ನೂರು ಬಸಿರುಗಳಲ್ಲಿ ಒಂದೋ ಎರಡೋ ಹೀಗಾಗುತ್ತದೆ ಎಂಬುದು ವೈದ್ಯಗ್ರಂಥಗಳ ಲೆಕ್ಕ. ಕಡಿಮೆಯೆನಿಸಬಹುದು. ಆದರೆ ಬಸಿರಿನ ಮೊದಲ ಮೂರು ತಿಂಗಳಲ್ಲಿ ತಾಯಂದಿರ ಪ್ರಾಣಕ್ಕೆ ಎರವಾಗುವ ಕಾರಣಗಳಲ್ಲಿ ಇದು ಮುಂಚೂಣಿಯದು.

ಅಂಡಾಶಯದಿಂದ ಹೊರಟ ಅಂಡ ಗರ್ಭಕೋಶ ತಲುಪಲು ಸುಮಾರು 10 ಸೆಂಟಿಮೀಟರ್ ಉದ್ದದ ಅಂಡನಾಳವನ್ನು ಹಾದುಬರಬೇಕು. ಡಾಕ್ಟರರೂ ರೋಗಿಗಳೂ ‘ಟ್ಯೂಬ್’ ಎನ್ನುವುದು ಇದನ್ನೇ. 16ನೆಯ ಶತಮಾನದಲ್ಲಿ ಇಟಲಿಯ ಪಡುವಾದ ಅಂಗರಚನಾ ಶಾಸ್ತ್ರಜ್ಞ ಫಾಲೋಪಿಯೊ ಇದನ್ನು ವಿವರವಾಗಿ ಬಣ್ಣಿಸಿದ್ದರಿಂದ ನಾಳಕ್ಕೆ ಅವನ ಹೆಸರೇ ಉಳಿದಿದೆ. ಗಂಡು-ಹೆಣ್ಣಿನ ಬೀಜಗಳು ಕೂಡುವುದೂ ಈ ನಾಳದಲ್ಲೇ. ನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಗದ್ದೆಯ ಪೈರು ಬಾಗಿದಂತೆ ಇವು ಒಂದೇ ದಿಕ್ಕಿಗೆ ಬಾಗಿ ಬಾಗಿ, ಫಲಿತ ಅಂಡವನ್ನು ಮೂರು ನಾಲ್ಕು ದಿನಗಳಲ್ಲಿ ಗರ್ಭಕೋಶದತ್ತ ಸಾಗಿಸುತ್ತವೆ. ರೋಮಗಳು ಸುಟ್ಟುಹೋಗಿದ್ದರೆ, ನಾಳ ಕಿರಿದಾಗಿದ್ದರೆ, ಹೊರಗಿನಿಂದ ಏನಾದರೂ ಅಂಟಿಕೊಂಡು ಸೊಟ್ಟಗಾಗಿದ್ದರೆ ಪ್ರಯಾಣ ನಡುದಾರಿಯಲ್ಲೇ ನಿಲ್ಲುತ್ತದೆ. ಜಾಗ ತಪ್ಪಿದ ಬಸಿರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಈ ನಾಳದಲ್ಲೇ ನಿಂತವು. ಅಂಡಾಶಯ, ಗರ್ಭಕೋಶದ ಕಂಠ, ಹೊಟ್ಟೆಯ ಪೊಳ್ಳು, ಹಳೆಯ ಸಿಸೇರಿಯನ್ ಗಾಯದ ಜಾಗ ಇವೆಲ್ಲ ಅಪರೂಪ.

ಗರ್ಭಕೋಶ ಮಗುವಿನೊಂದಿಗೆ ಹಿಗ್ಗುತ್ತದೆ. ಅಂಡನಾಳಕ್ಕೆ ಆ ಶಕ್ತಿಯಿಲ್ಲ. ಆರೆಂಟು ವಾರಗಳಾಗುವಾಗ ಅದು ಬಿರಿಯಬಹುದು. ಅಲ್ಲಿಂದ ಮುಂದೆ ಗಡಿಯಾರದ ಮುಳ್ಳಿನೊಂದಿಗೆ ಸ್ಪರ್ಧೆ.

ಬರ್ಮಿಂಗ್‌ಹ್ಯಾಮ್‌ನಿಂದ ಉಡುಪಿಗೆ

ಈ ಕಾಯಿಲೆ ಹೊಸತಲ್ಲ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ಅರಬ್ ಶಸ್ತ್ರವೈದ್ಯ ಅಲ್ ಜಹ್ರಾವಿ, ಹೆಂಗಸೊಬ್ಬಳ ಹೊಟ್ಟೆಯ ಮೇಲಿನ ಹುಣ್ಣಿನಿಂದ ಸಣ್ಣ ಸಣ್ಣ ಎಲುಬುಗಳು ಹೊರಬಂದುದನ್ನು ಬರೆದಿಟ್ಟಿದ್ದಾನೆ. ಗರ್ಭಕೋಶದ ಹೊರಗೆ ಬೆಳೆದು ಸತ್ತ ಶಿಶುವಿನ ಎಲುಬುಗಳವು. ಅಂಥ ಗರ್ಭ ಕೆಲವೊಮ್ಮೆ ಸುಣ್ಣಗಟ್ಟಿ ಹೊಟ್ಟೆಯಲ್ಲೇ ದಶಕಗಟ್ಟಲೆ ಉಳಿಯುವುದೂ ಉಂಟು. 2014ರಲ್ಲಿ ನಾಗಪುರದ ಆಸ್ಪತ್ರೆಯೊಂದರಲ್ಲಿ 60ರ ಆಸುಪಾಸಿನ ಮಹಿಳೆಯ ಹೊಟ್ಟೆಯಿಂದ 36 ವರ್ಷ ಹಿಂದಿನ ಗರ್ಭದ ಅಸ್ಥಿಪಂಜರ ತೆಗೆದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಇಂಥವು ಕುತೂಹಲದ ಸುದ್ದಿಗಳು. ನಾಳ ಬಿರಿದು ಸತ್ತವರು ಸುದ್ದಿಯಾದದ್ದು ಕಡಿಮೆ.

1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಜಾನ್ ಪ್ಯಾರಿ ಇಂಥ 500 ಪ್ರಕರಣಗಳನ್ನು ಕಲೆಹಾಕಿ ನೋಡಿದಾಗ ಮೂವರಲ್ಲಿ ಇಬ್ಬರು ತೀರಿಕೊಂಡಿದ್ದರು. ಹೊಟ್ಟೆ ತೆರೆದು ರಕ್ತ ಸೋರುವ ನಾಳವನ್ನು ಕಟ್ಟಿ ತೆಗೆಯಬಹುದಲ್ಲ ಎಂಬುದು ಇಂದು ಯಾರಿಗಾದರೂ ಹೊಳೆಯುವ ಮಾತು. ಅಂದು ಹೊಟ್ಟೆ ತೆರೆಯುವುದೇ ಮರಣಶಾಸನ ಎಂಬ ಭಯವಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಲಾಸನ್ ಟೇಟ್ ಎಂಬ ಶಸ್ತ್ರವೈದ್ಯನೂ 1881ರಲ್ಲಿ ಇಂಥ ರೋಗಿಗೆ ಆಪರೇಷನ್ ಮಾಡಲು ಒಪ್ಪಲಿಲ್ಲ. ಆಕೆ ತೀರಿಕೊಂಡಳು. ಮರಣೋತ್ತರ ಪರೀಕ್ಷೆಯಲ್ಲಿ ಬಿರಿದ ನಾಳವನ್ನು ಕಂಡಾಗ, ರಕ್ತನಾಳವೊಂದನ್ನು ಕಟ್ಟಿದ್ದರೆ ಸಾಕಿತ್ತು ಎಂದು ಅವನಿಗೆ ತಿಳಿಯಿತು. 1883ರಲ್ಲಿ ಅವನು ಮಾಡಿದ ಮೊದಲ ಪ್ರಯತ್ನ ಫಲಿಸಲಿಲ್ಲ. ಅದೇ ವರ್ಷದ ಎರಡನೆಯ ರೋಗಿ ಬದುಕಿದಳು. ಈ ಕಾಯಿಲೆಗೆ ಮದ್ದುಂಟು ಎಂದು ಜಗತ್ತಿಗೆ ಗೊತ್ತಾದದ್ದು ಅಂದಿನಿಂದ.

ಆದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಗೊತ್ತಾದರೆ ಸಾಲದು. ಕಾಪುವಿನಲ್ಲೋ ಕಾರ್ಕಳದಲ್ಲೋ ನೋವೆದ್ದವಳಿಗೆ ಕೈಗೆಟಕುವ ದೂರದಲ್ಲಿ ಆಸ್ಪತ್ರೆ ಬೇಕು. ಬಾಸೆಲ್ ಮಿಶನ್‌ನ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ಚಿಕಿತ್ಸಾಲಯ ತೆರೆದದ್ದು 1923ರಲ್ಲಿ. ಊರವರ ಬಾಯಲ್ಲಿ ಅದು ಇಂದಿಗೂ ಮಿಶನ್ ಆಸ್ಪತ್ರೆ. ಗಂಡಸು ಡಾಕ್ಟರನೆದುರು ಮುಟ್ಟಿನ ಸಂಗತಿ ಹೇಳುವುದಕ್ಕಿಂತ ಸಾಯುವುದು ಮೇಲು ಎಂದುಕೊಂಡಿದ್ದ ಕಾಲದಲ್ಲಿ ಹೆಂಗಸು ಡಾಕ್ಟರೊಬ್ಬರು ಸಿಕ್ಕಿದ್ದೇ ದೊಡ್ಡ ಚಿಕಿತ್ಸೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಸ್ಥಾಪಿಸಿದ ದಾನಿ ಹಾಜಿ ಅಬ್ದುಲ್ಲಾ ಸಾಹೇಬರು ಕೊಟ್ಟ ಜಾಗದಲ್ಲಿ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆ ತಲೆಯೆತ್ತಿತು. ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದರು. 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಬಂತು. ಕಾರ್ಕಳದಲ್ಲಿ ಪೈಗಳ ಹೆಸರಿನ ರೋಟರಿ ಆಸ್ಪತ್ರೆಯಿದೆ. ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ಆಸ್ಪತ್ರೆಗಳಿರುವ ಊರುಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಕಾಪುವಿನಿಂದ ಕಟಪಾಡಿ, ಉದ್ಯಾವರ ದಾಟಿದರೆ ಉಡುಪಿ. ಕಾರ್ಕಳದಿಂದ ಬೈಲೂರು, ಹಿರಿಯಡಕ, ಪರ್ಕಳದ ದಾರಿಯಾಗಿ ಮಣಿಪಾಲ ಒಂದು ಗಂಟೆಯ ಹಾದಿ. 2008ರಿಂದ 108 ಆಂಬುಲೆನ್ಸ್ ಕೂಡ ಇದೆ. ಹಾಗಾದರೆ ತಡವಾಗುವುದೆಲ್ಲಿ? ಹೆಚ್ಚಾಗಿ ಮನೆಯ ಜಗಲಿಯಲ್ಲಿ, ‘ಇದು ಬಸಿರಿನ ನೋವಾಗಿರಲು ಸಾಧ್ಯವೇ ಇಲ್ಲ’ ಎಂಬ ನಂಬಿಕೆಯಲ್ಲಿ.

‘ಆಪರೇಷನ್ ಆಗಿದೆಯಲ್ಲ!’

ಈ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿರುವುದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸರ ಮನೆಗಳಲ್ಲಿ. ನಮ್ಮಲ್ಲಿ ‘ಆಪರೇಷನ್’ ಎಂಬ ಒಂದೇ ಮಾತಿಗೆ ಬೇರೆ ವಿವರಣೆ ಬೇಡ. ಕನ್ನಡ ನಾಡಿಗೆ ಕುಟುಂಬ ಯೋಜನೆಯ ವಿಚಾರದಲ್ಲಿ ಹಳೆಯ ನಂಟಿದೆ: ಮೈಸೂರು ಸಂಸ್ಥಾನ 1930ರಲ್ಲೇ ಸರಕಾರದ ವತಿಯಿಂದ ಸಂತತಿ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು, ಸರಕಾರವೊಂದು ಇಂಥದ್ದನ್ನು ತೆರೆದದ್ದು ಜಗತ್ತಿನಲ್ಲೇ ಮೊದಲು ಎನ್ನಲಾಗುತ್ತದೆ. ಸ್ವಾತಂತ್ರ್ಯಾನಂತರ ಕೆಂಪು ತ್ರಿಕೋನ ಊರೂರ ಗೋಡೆಗಳ ಮೇಲೆ ಬಂತು. 1965ರಲ್ಲಿ ಲೂಪ್ ಬಂತು, ಆಮೇಲೆ ಕಾಪರ್-ಟಿ. ತುರ್ತು ಪರಿಸ್ಥಿತಿಯ ಬಳಿಕ ಗಂಡಸರು ಶಸ್ತ್ರಚಿಕಿತ್ಸೆಯ ಮೇಜಿನಿಂದ ಇಳಿದವರು ಮತ್ತೆ ಹತ್ತಲೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೆಚ್ಚಿಕೊಂಡಿರುವುದು ಈ ಆಪರೇಷನ್ನನ್ನೇ. ಗಂಡಸರ ಪಾಲು ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಗಂಡಸರ ಶಸ್ತ್ರಚಿಕಿತ್ಸೆ ಇದಕ್ಕಿಂತ ಸರಳ ಎಂಬುದನ್ನು ಆರೋಗ್ಯ ಇಲಾಖೆ ಹೇಳುತ್ತಲೇ ಇದೆ, ಕೇಳುವವರಿಲ್ಲ.

ಆಪರೇಷನ್ ಎಂದರೆ ಅಂಡನಾಳವನ್ನು ಕಟ್ಟಿ ಕತ್ತರಿಸುವುದು, ಇಲ್ಲವೇ ಉಂಗುರ ತೊಡಿಸಿ ಮುಚ್ಚುವುದು. ಅಪರೂಪಕ್ಕೆ ಕತ್ತರಿಸಿದ ತುದಿಗಳ ನಡುವೆ ಸಣ್ಣ ಕಿಂಡಿಯೊಂದು ಮತ್ತೆ ಬಿಟ್ಟುಕೊಳ್ಳುತ್ತದೆ. ವೀರ್ಯಾಣು ಬಹಳ ಚಿಕ್ಕದು, ನುಸುಳಿ ಹೋಗುತ್ತದೆ. ಫಲಿತ ಅಂಡ ಅದಕ್ಕಿಂತ ಎಷ್ಟೋ ದೊಡ್ಡದು. ಅದೇ ಕಿಂಡಿಯಲ್ಲಿ ಹಿಂದಿರುಗಲಾರದೆ ನಾಳದಲ್ಲೇ ನಿಲ್ಲುತ್ತದೆ.

ಅಮೆರಿಕದಲ್ಲಿ ಆಪರೇಷನ್ ಮಾಡಿಸಿಕೊಂಡ 10,685 ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದರ ಫಲಿತಾಂಶ 1996-97ರಲ್ಲಿ ಪ್ರಕಟವಾಯಿತು. ಅವರಲ್ಲಿ 143 ಮಂದಿ ಮತ್ತೆ ಬಸಿರಾಗಿದ್ದರು. ಆ 143ರಲ್ಲಿ 47 ಬಸಿರುಗಳು, ಎಂದರೆ ಸುಮಾರು ಮೂರರಲ್ಲೊಂದು, ಗರ್ಭಕೋಶದ ಹೊರಗಿದ್ದವು. ಇನ್ನೂ ಎರಡು ಸಂಗತಿಗಳು ಈ ಅಧ್ಯಯನದಿಂದ ಹೊರಬಂದವು. ವಿದ್ಯುತ್ತಿನಿಂದ ನಾಳ ಸುಡುವ ವಿಧಾನದಲ್ಲಿ, ಅದರಲ್ಲೂ 30 ತುಂಬುವ ಮೊದಲೇ ಮಾಡಿಸಿಕೊಂಡವರಲ್ಲಿ, ಈ ಅಪಾಯ ಹೆಚ್ಚು. ಹೆರಿಗೆಯಾದ ಕೂಡಲೇ ನಾಳ ಕತ್ತರಿಸುವ ವಿಧಾನದಲ್ಲಿ ತೀರ ಕಡಿಮೆ. ಎರಡನೆಯದು, ಆಪರೇಷನ್ ಆಗಿ ನಾಲ್ಕರಿಂದ ಹತ್ತು ವರ್ಷಗಳ ಬಳಿಕವೂ ಅಪಾಯ ಮೊದಲ ಮೂರು ವರ್ಷಗಳಷ್ಟೇ ಇತ್ತು. ‘ಮಗು ಹೈಸ್ಕೂಲಿಗೆ ಹೋಗುತ್ತಿದೆ, ಇನ್ನೆಂಥ ಬಸಿರು’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಆಪರೇಷನ್‌ನಿಂದ ಅಪಾಯ ಹೆಚ್ಚುತ್ತದೆ ಎಂದು ತಿಳಿದರೆ ಅದು ತಪ್ಪು. ಹತ್ತು ವರ್ಷಗಳಲ್ಲಿ ಸಾವಿರ ಮಂದಿಗೆ ಏಳೆಂಟು ಪ್ರಕರಣಗಳಷ್ಟೇ ಆ ಅಧ್ಯಯನದಲ್ಲಿ ಕಂಡದ್ದು. ಬಸಿರೇ ಆಗದಿದ್ದರೆ ಜಾಗ ತಪ್ಪುವ ಪ್ರಶ್ನೆ ಎಲ್ಲಿಯದು? ಯಾವ ಕ್ರಮವನ್ನೂ ಅನುಸರಿಸದ ಹೆಂಗಸಿಗಿಂತ ಆಕೆ ಸುರಕ್ಷಿತಳೇ. ಆದರೆ ಆಪರೇಷನ್ ಆದ ಮೇಲೂ ಬಸಿರು ನಿಂತಿತೆಂದರೆ ಅದು ನಾಳದಲ್ಲಿ ನಿಂತಿರುವ ಸಾಧ್ಯತೆ ಹೆಚ್ಚು. ವಂಕಿ ಅಥವಾ ಕಾಪರ್-ಟಿ ವಿಷಯದಲ್ಲೂ ಇದೇ ಮಾತು. ಅದು ಗರ್ಭಕೋಶವನ್ನು ಕಾಯುವಷ್ಟು ಚೆನ್ನಾಗಿ ನಾಳವನ್ನು ಕಾಯುವುದಿಲ್ಲ. ಆಪರೇಷನ್ ವಿಫಲವಾಗಬಹುದು ಎಂದು ಸರಕಾರವೂ ಒಪ್ಪಿಕೊಂಡಿದೆ. 2005ರಲ್ಲಿ ಕೇಂದ್ರ ಸರಕಾರ ಜಾರಿಗೆ ತಂದ ವಿಮಾ ಯೋಜನೆಯಲ್ಲಿ ಇದಕ್ಕೆಂದೇ ಪರಿಹಾರದ ಕಲಮು ಇತ್ತು. ಆ ಒಪ್ಪಿಗೆ ಕಾಗದಗಳಲ್ಲಿದೆ. ಹಾಸಿಗೆಯ ಪಕ್ಕದಲ್ಲಿ ನಿಂತು ‘ಮುಂದೆ ಎಂದಾದರೂ ಮುಟ್ಟು ತಪ್ಪಿದರೆ ಕೂಡಲೇ ಬನ್ನಿ’ ಎಂದು ಹೇಳುವವರು ಇನ್ನೂ ಹೆಚ್ಚಬೇಕು.

ಉಳಿದ ಕಾರಣಗಳು

ಜಗತ್ತಿನಾದ್ಯಂತ ಅಂಡನಾಳ ಕೆಡಿಸುವ ಮುಖ್ಯ ಶತ್ರು ಸೋಂಕು. ಗನೋರಿಯಾ, ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕುಗಳು ಗರ್ಭಕೋಶದಿಂದ ಮೇಲೇರಿ ನಾಳಕ್ಕೆ ಬರುತ್ತವೆ. ಕ್ಲಮೀಡಿಯಾ ಬಹಳಷ್ಟು ಮಂದಿಯಲ್ಲಿ ಜ್ವರವನ್ನೂ ನೋವನ್ನೂ ತೋರಿಸದೆ ಒಳಗೊಳಗೇ ರೋಮಗಳನ್ನು ಸುಟ್ಟುಬಿಡುತ್ತದೆ. ಸ್ವೀಡನ್ನಿನ ಲುಂಡ್ ನಗರದಲ್ಲಿ ವೆಸ್ಟ್ರೋಮ್ ಎಂಬ ವೈದ್ಯರ ತಂಡ 1960ರಿಂದ 1984ರವರೆಗಿನ ರೋಗಿಗಳನ್ನು ಹಿಂಬಾಲಿಸಿ ನೋಡಿತು. ಕಿಬ್ಬೊಟ್ಟೆಯ ಸೋಂಕು ಬಂದುಹೋದವರ ಮುಂದಿನ ಬಸಿರುಗಳಲ್ಲಿ ನೂರಕ್ಕೆ 9.1 ಜಾಗ ತಪ್ಪಿದ್ದವು. ಸೋಂಕು ಬಾರದವರಲ್ಲಿ ಇದು 1.4 ಮಾತ್ರ.

‘ಬಿಳಿ ಹೋಗುತ್ತದೆ’ ಎಂಬುದನ್ನು ನಮ್ಮ ಹೆಂಗಸರು ಕಾಯಿಲೆಯೆಂದು ಲೆಕ್ಕಿಸುವುದೇ ಕಡಿಮೆ. ಎಲ್ಲ ಬಿಳಿಸೆರಗೂ ಸೋಂಕಲ್ಲ, ನಿಜ. ಆದರೆ ವಾಸನೆ, ಜ್ವರ, ಕಿಬ್ಬೊಟ್ಟೆಯ ನೋವು ಜತೆಗಿದ್ದರೆ ಅದಕ್ಕೆ ಮದ್ದು ಬೇಕು. ಮದ್ದು ಗಂಡನಿಗೂ ಬೇಕು. ಇಲ್ಲವಾದರೆ ಮುಂಬಯಿಯಿಂದಲೋ ಗಲ್ಫ್‌ನಿಂದಲೋ ಮುಂದಿನ ರಜೆಗೆ ಬಂದಾಗ ಸೋಂಕು ಮತ್ತೆ ಮನೆಗೆ ಬರುತ್ತದೆ. ಇಂಥ ಸಂಗತಿಗಳನ್ನು ಕನ್ನಡದಲ್ಲಿ ನಾಚಿಕೆಯಿಲ್ಲದೆ, ಅಸಭ್ಯವೂ ಆಗದಂತೆ ಬರೆಯಬಹುದು ಎಂದು ತೋರಿಸಿಕೊಟ್ಟವರು ವೈದ್ಯೆ-ಕಾದಂಬರಿಗಾರ್ತಿ ಡಾ. ಅನುಪಮಾ ನಿರಂಜನ. ಅವರ ‘ತಾಯಿ-ಮಗು’ ಎಷ್ಟೋ ಮನೆಗಳಲ್ಲಿ ಮದುಮಗಳ ಪೆಟ್ಟಿಗೆ ಸೇರಿತ್ತು.

ಭಾರತಕ್ಕೆ ಇನ್ನೊಂದು ಶತ್ರುವಿದೆ, ಕ್ಷಯ. ಕ್ಷಯವೆಂದರೆ ಕೆಮ್ಮು ಎಂದಷ್ಟೇ ತಿಳಿದವರಿಗೆ ಅದು ಶ್ವಾಸಕೋಶದಿಂದ ರಕ್ತದ ಮೂಲಕ ಅಂಡನಾಳಕ್ಕೂ ಇಳಿಯುತ್ತದೆ ಎಂಬುದು ಗೊತ್ತಿರುವುದಿಲ್ಲ. ಕ್ಷಯ ಹಿಡಿದ ನಾಳ ಪೂರ್ತಿ ಮುಚ್ಚಿದರೆ ಬಂಜೆತನ, ಅರೆಬರೆ ಮುಚ್ಚಿದರೆ ನಾಳದಲ್ಲಿ ಬಸಿರು.

ಒಮ್ಮೆ ಹೀಗಾದವರಿಗೆ ಮತ್ತೊಮ್ಮೆ ಆಗುವ ಸಂಭವ ನೂರಕ್ಕೆ ಹತ್ತರಷ್ಟು. ಎರಡು ಸಲ ಆದವರಿಗೆ ನೂರಕ್ಕೆ 25ನ್ನೂ ಮೀರುತ್ತದೆ. ನಾಳದ ಮೇಲೆ ನಡೆದ ಯಾವುದೇ ಶಸ್ತ್ರಚಿಕಿತ್ಸೆ, ಮೂವತ್ತೈದು ದಾಟಿದ ವಯಸ್ಸು ಕೂಡ ಪಟ್ಟಿಯಲ್ಲಿವೆ. ಧೂಮಪಾನವೂ ಇದೆ, ಹೊಗೆ ನಾಳದ ರೋಮಗಳ ಚಲನೆಯನ್ನು ಮಂದಗೊಳಿಸುತ್ತದೆ. ಕಾರ್ಕಳ, ಕಾಪು ಕಡೆಯ ಸಾವಿರಾರು ಹೆಂಗಸರು ಬೀಡಿ ಕಟ್ಟಿಯೇ ಸಂಸಾರ ತೂಗಿಸಿದವರು. ಅಧ್ಯಯನಗಳ ಈ ಮಾತು ಸೇದುವವರನ್ನು ಕುರಿತದ್ದು, ಕಟ್ಟುವವರನ್ನಲ್ಲ.

ಮಕ್ಕಳಾಗಲೆಂದು ಚಿಕಿತ್ಸೆ ಪಡೆಯುವವರಲ್ಲೂ ಇದು ಹೆಚ್ಚು. ಸೋಜಿಗವೆಂದರೆ ಪ್ರನಾಳ ಶಿಶುವಿನ ಇತಿಹಾಸ ಶುರುವಾದದ್ದೇ ಇಂಥ ನಿರಾಸೆಯಿಂದ. ಇಂಗ್ಲೆಂಡಿನ ಸ್ಟೆಪ್ಟೋ ಮತ್ತು ಎಡ್ವರ್ಡ್ಸ್ ಹೊರಗೆ ಬೆಳೆಸಿದ ಭ್ರೂಣವನ್ನು ಗರ್ಭಕೋಶದಲ್ಲಿಟ್ಟು, ಬಸಿರು ನಿಂತಿದೆ ಎಂದು 1976ರಲ್ಲಿ ವರದಿ ಮಾಡಿದರು. ಅದು ಅಂಡನಾಳಕ್ಕೆ ಸರಿದಿತ್ತು; ತೆಗೆಯಬೇಕಾಯಿತು. ಲೂಯಿಸ್ ಬ್ರೌನ್ ಹುಟ್ಟಿದ್ದು ಆಮೇಲೆ, 1978ರ ಜುಲೈ 25ರಂದು. ಮಗುವಿಗಾಗಿ ಹರಕೆ ಹೊತ್ತು, ಆಮೇಲೆ ಆಸ್ಪತ್ರೆಗೆ ಅಲೆದು ಕೊನೆಗೂ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಕಂಡ ದಂಪತಿಗೆ ‘ಇದು ಜಾಗ ತಪ್ಪಿದೆ’ ಎನ್ನುವುದು ವೈದ್ಯರಿಗೂ ಕಠಿಣವೇ. ಆ ಭ್ರೂಣವನ್ನು ನಾಳದಿಂದ ಎತ್ತಿ ಗರ್ಭಕೋಶದಲ್ಲಿಡಲು ಬರುವುದಿಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನು ಹೇಳದಿದ್ದರೆ ಅನ್ಯಾಯ. ಜಾಗ ತಪ್ಪಿದ ಬಸಿರು ಕಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೇಲಿನ ಯಾವ ಕಾರಣವೂ ಇರುವುದಿಲ್ಲ. ಆದ್ದರಿಂದ ‘ನನಗೆ ಇವೊಂದೂ ಇಲ್ಲ’ ಎಂದು ಸುಮ್ಮನಿರುವಂತಿಲ್ಲ. ‘ಇವಳಿಗೇ ಯಾಕಾಯಿತು’ ಎಂದು ಅತ್ತೆಮನೆಯವರು ಹುಬ್ಬೇರಿಸುವಂತೆಯೂ ಇಲ್ಲ.

ಗುರುತು ಹಿಡಿಯುವುದು

ಮುಟ್ಟು ತಪ್ಪಿರುವುದು, ಕಿಬ್ಬೊಟ್ಟೆಯ ಒಂದು ಬದಿಗೆ ನೋವು, ಸ್ವಲ್ಪ ಸ್ವಲ್ಪವೇ ರಕ್ತ ಕಾಣುವುದು: ಈ ಮೂರು ಸೇರಿದರೆ ಅನುಮಾನಿಸಬೇಕು. ತೊಂದರೆಯೇನೆಂದರೆ ಆ ರಕ್ತವನ್ನೇ ತಡವಾಗಿ ಬಂದ ಮುಟ್ಟು ಎಂದು ಎಷ್ಟೋ ಮಂದಿ ತಿಳಿಯುತ್ತಾರೆ. ‘ಕಳೆದ ಸಲ ಎಂದು ಮುಟ್ಟಾಗಿತ್ತು’ ಎಂದು ಡಾಕ್ಟರರು ಮತ್ತೆ ಮತ್ತೆ ಕೇಳುವುದು ಇದಕ್ಕೇ. ನಾಳ ಬಿರಿದರೆ ಭುಜದ ತುದಿಯಲ್ಲಿ ನೋವು ಬರಬಹುದು. ಹೊಟ್ಟೆಯೊಳಗಿನ ರಕ್ತ ವಪೆಯನ್ನು ತಾಗಿದಾಗ ಆ ನೋವು ಅದೇ ನರದ ದಾರಿಯಾಗಿ ಭುಜದಲ್ಲಿ ಕಾಣಿಸುತ್ತದೆ. ತಲೆ ಸುತ್ತಿ ಬೀಳುವುದು, ಮಲವಿಸರ್ಜನೆಗೆ ಅವಸರವಾದಂತೆ ಅನಿಸುವುದು ಕೂಡ ಒಳಗಿನ ರಕ್ತಸ್ರಾವದ ಸೂಚನೆಗಳೇ. ಬಚ್ಚಲಿನಲ್ಲಿ ಬಿದ್ದವಳಿಗೆ ಸಕ್ಕರೆ ನೀರು ಕುಡಿಸಿ ಮಲಗಿಸುವ ಮೊದಲು ಇದು ನೆನಪಿಗೆ ಬರಬೇಕು.

ಮೂತ್ರ ಪರೀಕ್ಷೆಯ ಪಟ್ಟಿ ಬಸಿರು ಇದೆ ಎನ್ನುತ್ತದೆ, ಎಲ್ಲಿದೆ ಎನ್ನುವುದಿಲ್ಲ. ಅದನ್ನು ಹೇಳಬೇಕಾದದ್ದು ಸ್ಕ್ಯಾನಿಂಗ್. ಐದಾರು ವಾರಗಳಾಗುವಾಗ ಗರ್ಭದ ಚೀಲ ಗರ್ಭಕೋಶದಲ್ಲಿ ಕಾಣಬೇಕು. ಕಾಣದಿದ್ದರೆ ರಕ್ತದಲ್ಲಿನ ಬಸಿರಿನ ಹಾರ್ಮೋನನ್ನು ಎರಡು ದಿನಗಳ ಅಂತರದಲ್ಲಿ ಅಳೆಯುತ್ತಾರೆ. ಸರಿಯಾದ ಬಸಿರಿನಲ್ಲಿ ಅದು ಆ ಅವಧಿಯಲ್ಲಿ ಚೆನ್ನಾಗಿ ಏರಿರುತ್ತದೆ. ಕುಂಟುತ್ತಾ ಏರಿದರೆ ಅನುಮಾನ.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಅಪಾಯ ಸೇರಿಕೊಂಡಿದೆ. ಬೇಡದ ಬಸಿರು ಎಂದು ಡಾಕ್ಟರರ ಚೀಟಿಯಿಲ್ಲದೆ, ಸ್ಕ್ಯಾನ್ ಇಲ್ಲದೆ, ಮೆಡಿಕಲ್ ಶಾಪಿನ ಗರ್ಭಪಾತದ ಮಾತ್ರೆ ನುಂಗುವುದು. ಆ ಮಾತ್ರೆಗೆ ನಾಳದಲ್ಲಿರುವ ಬಸಿರು ಜಗ್ಗುವುದಿಲ್ಲ. ಗರ್ಭಕೋಶದಿಂದ ಮಾತ್ರ ಒಂದಿಷ್ಟು ರಕ್ತ ಹೋಗುತ್ತದೆ. ಎಲ್ಲ ಮುಗಿಯಿತು ಎಂದು ಆಕೆ ನೆಮ್ಮದಿಯಿಂದಿರುವಾಗಲೇ ನಾಳ ಬೆಳೆಯುತ್ತಿರುತ್ತದೆ.

ಬೇಗ ಪತ್ತೆಯಾದರೆ ಆಪರೇಷನ್ನೇ ಬೇಡ. ಜಪಾನಿನಲ್ಲಿ ತನಾಕಾ ಎಂಬ ವೈದ್ಯರು 1982ರಲ್ಲಿ ವರದಿ ಮಾಡಿದ ಮೆಥೊಟ್ರೆಕ್ಸೇಟ್ ಚಿಕಿತ್ಸೆ ಈಗ ಎಲ್ಲೆಡೆ ಬಳಕೆಯಲ್ಲಿದೆ. ಇಂಜೆಕ್ಷನ್ ಕೊಟ್ಟು, ಹಾರ್ಮೋನ್ ಪೂರ್ತಿ ಇಳಿಯುವವರೆಗೆ ವಾರವಾರವೂ ರಕ್ತಪರೀಕ್ಷೆ ಮಾಡಿಸಬೇಕು. ನೋವು ಹೆಚ್ಚಾಗಿದ್ದರೆ ಅಥವಾ ಭ್ರೂಣದ ಹೃದಯ ಬಡಿಯುತ್ತಿದ್ದರೆ ಹೆಚ್ಚಾಗಿ ಲ್ಯಾಪರೋಸ್ಕೋಪಿ. ಸಣ್ಣ ತೂತುಗಳ ಮೂಲಕ ನಾಳವನ್ನು ತೆಗೆಯುತ್ತಾರೆ, ಕೆಲವೊಮ್ಮೆ ಸೀಳಿ ಉಳಿಸುತ್ತಾರೆ. ಬಿರಿದಿದ್ದರೆ ಕೂಡಲೇ ಶಸ್ತ್ರಚಿಕಿತ್ಸೆ, ಜತೆಗೆ ರಕ್ತ. 1914ರಲ್ಲಿ ಜರ್ಮನಿಯ ಥೀಸ್ ಎಂಬ ವೈದ್ಯ, ಹೊಟ್ಟೆಯಲ್ಲಿ ಸೋರಿದ ರಕ್ತವನ್ನೇ ಸೋಸಿ ರೋಗಿಗೆ ವಾಪಸು ಏರಿಸಿದ್ದ. ರಕ್ತನಿಧಿ ಇಲ್ಲದ ಕಡೆಗಳಲ್ಲಿ ಸೌಟಿನಿಂದ ಮೊಗೆದು, ಗಾಜ್ ಬಟ್ಟೆಯಲ್ಲಿ ಸೋಸಿ ಇದೇ ವಿಧಾನದಿಂದ ಜೀವ ಉಳಿಸಿದ ವೈದ್ಯರು ಆಮೇಲೂ ಇದ್ದರು. ಮಣಿಪಾಲದಲ್ಲಿ ರಕ್ತನಿಧಿಯಿದೆ; ಇಲ್ಲಿಯವರಿಗೆ ಸೌಟಿನ ಪಾಡಿಲ್ಲ.

ಒಂದು ನಾಳ ಹೋದರೆ ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು. ಇನ್ನೊಂದು ನಾಳ ಚೆನ್ನಾಗಿದ್ದರೆ ಹೆಚ್ಚಿನವರಿಗೆ ಮತ್ತೆ ಬಸಿರಾಗುತ್ತದೆ, ಅದು ಸರಿಯಾದ ಜಾಗದಲ್ಲೇ ನಿಲ್ಲುತ್ತದೆ. ಮೆಥೊಟ್ರೆಕ್ಸೇಟ್ ಪಡೆದವರು ಕೆಲವು ತಿಂಗಳು ಕಾಯಬೇಕು. ರಕ್ತದ ಗುಂಪು ನೆಗೆಟಿವ್ ಆಗಿದ್ದವರಿಗೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಮುಂದಿನ ಸಲ ಮುಟ್ಟು ತಪ್ಪಿದ ಕೂಡಲೇ, ವಾಂತಿ ಶುರುವಾಗಲಿ ಎಂದು ಕಾಯದೆ, ಐದಾರನೇ ವಾರದಲ್ಲಿ ಸ್ಕ್ಯಾನ್ ಮಾಡಿಸಬೇಕು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿಯಲ್ಲಿ ಯಾವ ಬದಿಯ ನಾಳ, ತೆಗೆದದ್ದೋ ಉಳಿಸಿದ್ದೋ, ಇನ್ನೊಂದು ಬದಿ ಹೇಗಿತ್ತು ಎಂಬುದೆಲ್ಲ ಬರೆದಿರುತ್ತದೆ. ಆ ಚೀಟಿ ಆಕೆಯ ಜತೆಗೇ ಇರಬೇಕು. ಗಂಡನ ಮನೆ ಕಾಪುವಿನಲ್ಲಿ, ತವರು ಕಾರ್ಕಳದಲ್ಲಿ ಆದರೆ, ನೋವು ಕಾಣಿಸುವಾಗ ಆಕೆ ಎಲ್ಲಿರುತ್ತಾಳೆ ಎಂದು ಮೊದಲೇ ಹೇಳಲಾಗದು.